ಮುನ್ಸೂಚನೆಯ ಧರ್ಮ

ಕಥೆಗಾರನಿಗೆ ತನ್ನ ಕಥೆಯ ಕೊನೆ ಗೊತ್ತಿರುತ್ತದೆ. ಅವನು ಸೃಷ್ಟಿಸಿದ ಪಾತ್ರಗಳಿಗೆ ಅದು ಗೊತ್ತಿಲ್ಲ. ಮೊದಲ ಸಲ ಓದುವ ವಾಚಕನಿಗೂ ಗೊತ್ತಿಲ್ಲ. ಬರಲಿರುವುದರ ಸುಳಿವನ್ನು ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು, ಯಾವ ಹೊತ್ತಿನಲ್ಲಿ ಕೊಡಬೇಕು ಎಂಬುದನ್ನು ನಾವು ಸಾಮಾನ್ಯವಾಗಿ ತಂತ್ರದ ಪ್ರಶ್ನೆಯೆಂದು ಎಣಿಸುತ್ತೇವೆ. ಮುನ್ಸೂಚನೆಯೆಂದು ಹೆಸರಿಟ್ಟು, ಎರಡು ನಿದರ್ಶನ ಬರೆಸಿ, ಪಾಠ ಮುಗಿಸುತ್ತೇವೆ. ಆದರೆ ತಿಳಿದವನು ತಿಳಿಯದವನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ಎಲ್ಲಿ ಬಂದರೂ ಧರ್ಮದ ಪ್ರಶ್ನೆಯೇ ಸರಿ. ಕಥೆಯೊಳಗೆ ಮಾತ್ರ ಅದು ಹಾಗಲ್ಲವೆನ್ನಲು ನಮಗೆ ಕಾರಣ ಕಾಣುವುದಿಲ್ಲ.

ನಮ್ಮ ಪೂರ್ವಿಕರು ಈ ವಿದ್ಯೆಯನ್ನು ಅರಿಯದವರಲ್ಲ. ಭರತನ ನಾಟ್ಯಶಾಸ್ತ್ರವು ಕಥೆಯ ಆದಿಯಲ್ಲಿ ಸ್ವಲ್ಪವಾಗಿ ಬಿತ್ತಿ ಮುಂದೆ ಹಬ್ಬುವುದನ್ನು ಬೀಜವೆಂದು ಕರೆಯಿತು. ಒಂದು ಸಂದರ್ಭಕ್ಕೆಂದು ಆಡಿದ ಮಾತು, ಆಡಿದವನಿಗೇ ತಿಳಿಯದಂತೆ, ಮತ್ತೊಂದಕ್ಕೆ ಹೊಂದಿಬಿಡುವುದನ್ನು ಪತಾಕಾಸ್ಥಾನಕವೆಂದಿತು. ಭವಭೂತಿಯ ಉತ್ತರರಾಮಚರಿತದ ಮೊದಲ ಅಂಕದಲ್ಲಿ ಇದಕ್ಕೆ ಹೆಸರಾಂತ ನಿದರ್ಶನವಿದೆ. ಚಿತ್ರಗಳನ್ನು ನೋಡಿ ದಣಿದ ಸೀತೆ ರಾಮನ ತೋಳಿನ ಮೇಲೆ ನಿದ್ರೆಹೋಗಿದ್ದಾಳೆ. ಇವಳ ಅಗಲಿಕೆಯೊಂದನ್ನು ಮಾತ್ರ ತಾಳಲಾರೆನೆಂಬ ಅರ್ಥದ ಮಾತು ರಾಮನ ಬಾಯಿಂದ ಹೊರಡುವಷ್ಟರಲ್ಲಿ ಬಾಗಿಲು ಕಾಯುವವಳು ಒಳಬಂದು, ಬಂದಾಯಿತೆಂದು ಬಿನ್ನವಿಸುತ್ತಾಳೆ. ಬಂದವನು ದುರ್ಮುಖನೆಂಬ ಚಾರ. ತಂದದ್ದು ಲೋಕಾಪವಾದದ ಸುದ್ದಿ. ಇಲ್ಲಿ ವಾಚಕನ ಎದೆ ನಡುಗುವುದು ನಿಜ. ಆದರೆ ಅಗಲಿಕೆಯು ವಿಧಿಲಿಖಿತವಾಗಿತ್ತೆಂದು ಕವಿ ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಸೀತೆಯನ್ನು ಬಿಡುವ ನಿರ್ಧಾರವನ್ನು ರಾಮನು ಆಮೇಲೆ ತಾನೇ ಮಾಡುತ್ತಾನೆ. ಅದರ ಬೆಲೆಯೇನೆಂದು ಒಂದು ಗಳಿಗೆಯ ಹಿಂದೆ ಅವನ ಬಾಯೇ ನುಡಿದಿರುವುದರಿಂದ ಮುನ್ಸೂಚನೆಯು ಅವನ ಹೊಣೆಯನ್ನು ಭಾರವಾಗಿಸುತ್ತದೆ, ಹಗುರಮಾಡುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದು ಶಕುನದ ಮುನ್ಸೂಚನೆ. ಹಲ್ಲಿ ಲೊಚಗುಟ್ಟಿತು, ಬೆಕ್ಕು ಅಡ್ಡಬಂತು, ಕುಂಕುಮದ ಭರಣಿ ಕೈಜಾರಿತು. ಸಂಜೆಗೆ ಸಾವಿನ ಸುದ್ದಿ ಬಂತು. ಮಕ್ಕಳು ಬರೆಯುವ ಕಥೆಗಳಲ್ಲಿ ಇದು ಹೇರಳ. ದೊಡ್ಡವರ ಕಥೆಗಳಲ್ಲಿಯೂ ಕಡಿಮೆಯೇನಲ್ಲ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ನಮ್ಮ ಆಕ್ಷೇಪಣೆ ಅದಲ್ಲ. ಶಕುನವನ್ನು ನಂಬುವ ಪಾತ್ರವು ಕಥೆಯಲ್ಲಿ ಧಾರಾಳವಾಗಿ ಇರಬಹುದು. ಆದರೆ ಕಥೆಗಾರನೇ ಅದನ್ನು ನಂಬಿಸಿಬಿಟ್ಟರೆ, ಸಾವಿಗೆ ಬೇರೆ ಕಾರಣವನ್ನು ಹುಡುಕುವ ಕೆಲಸ ಅವನಿಗೂ ಇಲ್ಲ, ವಾಚಕನಿಗೂ ಇಲ್ಲ. ಹಲ್ಲಿಯ ಮೇಲೆ ಎಲ್ಲ ಹೊರೆ ಹಾಕಿ ಎಲ್ಲರೂ ಕೈತೊಳೆದುಕೊಂಡಂತಾಗುತ್ತದೆ.

ಸೂಚನೆಯನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ವಾಲ್ಮೀಕಿಗಿಂತ ದೊಡ್ಡ ಗುರು ಬೇಕಿಲ್ಲ. ಆನೆ ನೀರು ಕುಡಿಯುತ್ತಿದೆಯೆಂದು ಭ್ರಮಿಸಿ, ಸದ್ದನ್ನೇ ಗುರಿಯಾಗಿಸಿ ದಶರಥನು ಮುನಿಕುಮಾರನನ್ನು ಕೊಂದ ಕಥೆಯನ್ನೂ, ನೀನೂ ಪುತ್ರಶೋಕದಿಂದಲೇ ಸಾಯುವೆಯೆಂದು ಕುರುಡ ತಂದೆ ಕೊಟ್ಟ ಶಾಪವನ್ನೂ ನಮ್ಮ ಮಕ್ಕಳೆಲ್ಲ ಬಲ್ಲರು. ನಾವು ಪಾಠಶಾಲೆಯಲ್ಲಿ ಅದನ್ನು ಕಾಲಕ್ರಮದಂತೆ ಮೊದಲು ಹೇಳಿ, ಕೈಕೇಯಿಯ ವರಗಳನ್ನು ಆಮೇಲೆ ಹೇಳುವುದುಂಟು. ವಾಲ್ಮೀಕಿ ಹಾಗೆ ಮಾಡಲಿಲ್ಲ. ರಾಮನು ಕಾಡಿಗೆ ಹೊರಟುಹೋದ ಮೇಲೆ, ಪ್ರಾಣಬಿಡುವ ರಾತ್ರಿ, ದಶರಥನು ಕೌಸಲ್ಯೆಯ ಮುಂದೆ ಅದನ್ನು ನೆನೆದು ಹೇಳಿಕೊಳ್ಳುತ್ತಾನೆ. ಈ ಸ್ಥಾನಪಲ್ಲಟ ಸಣ್ಣದಲ್ಲ. ಶಾಪವನ್ನು ಮೊದಲೇ ಕೇಳಿದವನಿಗೆ ಕೈಕೇಯಿಯ ಅರಮನೆಯಲ್ಲಿ ಗೋಳಿಡುವ ದಶರಥನು ಸೂತ್ರದ ಗೊಂಬೆಯಂತೆ ಕಾಣುತ್ತಾನೆ. ಶಾಪವನ್ನು ಅರಿಯದೆ ಓದುವವನಿಗಾದರೋ ಅವನು ಕೊಟ್ಟ ಮಾತಿಗೂ ಮಗನಿಗೂ ನಡುವೆ ಸಿಕ್ಕಿಬಿದ್ದ ಮನುಷ್ಯ. ಮಾತು ಮುರಿಯಲೂ ಬಹುದಾಗಿದ್ದವನು. ಹೀಗೆ ಆಯ್ಕೆಯ ಗಳಿಗೆಯನ್ನು ಕವಿ ಅವನಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದಾನೆ. ಶಾಪದ ಅರ್ಥವು, ತಪ್ಪು ಮಾಡಿದವರೆಲ್ಲರಿಗೆ ಆಗುವಂತೆ, ಅವನಿಗೂ ತಡವಾಗಿ ಹೊಳೆಯುತ್ತದೆ.

ವಿಧಿಯ ಸೂಚನೆ ಬೇರೆ, ಎಚ್ಚರಿಕೆಯ ಸೂಚನೆ ಬೇರೆ ಎಂಬುದನ್ನು ಕಾಣಲು ಕೂನೂರಿನವರಾದ ನಾವು ದೂರ ಹೋಗಬೇಕಾಗಿಲ್ಲ. ಹುಚ್ಚುನಾಯಿ ಕಡಿತದ ಚಿಕಿತ್ಸೆಗೆ ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಪಾಸ್ಚರ್ ಸಂಸ್ಥೆ 1907ರಲ್ಲಿ ಇಲ್ಲಿ ಆರಂಭವಾಯಿತು. ಈ ರೋಗದ ರೀತಿ ಕಥೆಗಾರನಿಗೆ ಹೇಳಿಮಾಡಿಸಿದಂತಿದೆ. ನಾಯಿ ಕಚ್ಚುತ್ತದೆ, ಗಾಯ ಮಾಯುತ್ತದೆ, ವಾರಗಳು, ಕೆಲವೊಮ್ಮೆ ತಿಂಗಳುಗಳು, ಏನೂ ಆಗದವರಂತೆ ಜನ ಓಡಾಡುತ್ತಾರೆ. ಬಳಿಕ ಒಂದು ದಿನ ನೀರಿನ ಲೋಟ ಎತ್ತಿದರೆ ಗಂಟಲು ಬಿಗಿಯುತ್ತದೆ. ಆ ಲಕ್ಷಣ ಕಂಡ ಮೇಲೆ ಬದುಕಿದವರು ಅತ್ಯಂತ ವಿರಳ. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಸ್ಚರನು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಹಾಕಿಸುವ ತನಕ ಆ ಕಡಿತವೆಂಬುದು ತೀರ್ಪೇ ಆಗಿತ್ತು. ಅದಕ್ಕೂ ಹಿಂದಿನ ಕಾಲದ ಕಥೆಯೊಂದರ ಮೊದಲ ಪುಟದಲ್ಲಿ ನಾಯಿ ಕಚ್ಚಿದರೆ, ಉಳಿದ ಪುಟಗಳಲ್ಲಿ ಕಾಯುವುದೊಂದೇ ಉಳಿಯುತ್ತದೆ.

ಅದೇ ಪುಟವನ್ನು ಇಂದಿನ ಕಾಲಕ್ಕೆ ಬರೆಯೋಣ. ಕಡಿತಕ್ಕೂ ರೋಗಕ್ಕೂ ನಡುವಿನ ಆ ದಿನಗಳು ಈಗ ಬರಿಯ ಕಾಯುವ ದಿನಗಳಲ್ಲ. ಗಾಯವನ್ನು ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಬಹುದಾಗಿತ್ತು; ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬಹುದಾಗಿತ್ತು. ಹಾಕಿಸಲಿಲ್ಲವೇಕೆ? ಹೊಡೆತಕ್ಕೆ ಹೆದರಿ ಹುಡುಗನು ಮುಚ್ಚಿಟ್ಟಿರಬಹುದು. ಅಜ್ಜಿ ಗಾಯಕ್ಕೆ ಸುಣ್ಣ ಮೆತ್ತಿ ಸರಿಹೋಯಿತೆಂದಿರಬಹುದು. ಆಸ್ಪತ್ರೆಗೆ ಹೋದರೆ ಚಹಾತೋಟದ ಒಂದು ದಿನದ ಕೂಲಿ ಹೋಗುತ್ತದೆಂದು ತಾಯಿ ನಾಳೆಗೆ ಮುಂದೂಡಿರಬಹುದು. ಹಿಂದೊಮ್ಮೆ ಹೊಟ್ಟೆಗೆ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳ ಹೆದರಿಕೆ ಮನೆಮಾತಿನಲ್ಲಿ ಉಳಿದುಬಂದು, ಈಗ ತೋಳಿಗೆ ಹಾಕುವ ನಾಲ್ಕಾರು ಚುಚ್ಚುಮದ್ದಿಗೂ ಅಡ್ಡಿಯಾಗಿರಬಹುದು. ನಾಯಿ ಅದೇ, ಗಾಯ ಅದೇ. ಸೂಚನೆಯ ಸ್ವರೂಪ ಮಾತ್ರ ಬೇರೆಯಾಯಿತು. ವಿಧಿಯೆಂದಿದ್ದದ್ದು ಅಂಜಿಕೆ, ಬಡತನ, ಅಲಕ್ಷ್ಯಗಳೆಂದು ಗೊತ್ತಾಯಿತು. ಮನುಷ್ಯನ ತಿಳಿವಳಿಕೆ ಬೆಳೆದಂತೆ ಕಥೆಗಾರನ ಹೊಣೆಯೂ ಬೆಳೆಯುತ್ತದೆಂದು ನಾವು ಹೇಳುವುದು ಈ ಅರ್ಥದಲ್ಲಿ.

ಅನಂತಮೂರ್ತಿಯವರ ಸಂಸ್ಕಾರ (1965) ಕಾದಂಬರಿಯಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪ ಜ್ವರ ಹಿಡಿದು ಸಾಯುತ್ತಾನೆ. ಆಮೇಲೆ ಅಗ್ರಹಾರದಲ್ಲಿ ಇಲಿಗಳು ಸಾಯುತ್ತವೆ. ಮನೆಗಳ ಮೇಲೆ ಹದ್ದುಗಳು ಕೂರುತ್ತವೆ. ಶವಸಂಸ್ಕಾರ ಯಾರು ಮಾಡಬೇಕೆಂಬ ತರ್ಕದಲ್ಲಿ ಮುಳುಗಿದ ಬ್ರಾಹ್ಮಣರಿಗೆ ಅದು ಸಂಸ್ಕಾರವಿಲ್ಲದ ಹೆಣದಿಂದ ಬಂದ ಅನಿಷ್ಟ. ಇಲಿ ಬಿದ್ದರೆ ಏನೆಂದು ಬಲ್ಲ ವಾಚಕನಿಗೆ ಅದು ಪ್ಲೇಗು. ಒಂದೇ ಸೂಚನೆಯನ್ನು ಇಬ್ಬರು ಎರಡು ರೀತಿಯಾಗಿ ಓದುತ್ತಿದ್ದಾರೆ. ಓಡಿಹೋಗಿರೆಂದು ಕೂಗಿ ಹೇಳುವ ಶಕ್ತಿ ವಾಚಕನಿಗಿಲ್ಲ. ತಿಳಿದೂ ಏನೂ ಮಾಡಲಾಗದ ಈ ಸಂಕಟವನ್ನು ಕೊಡುವುದಕ್ಕಾಗಿಯೇ ಒಳ್ಳೆಯ ಮುನ್ಸೂಚನೆ ಇರುವುದೆಂದು ನಮಗೆ ತೋರುತ್ತದೆ. ಬರಿಯ ಕುತೂಹಲ ಕೆರಳಿಸಲು ಪತ್ತೇದಾರಿ ಕಥೆಯೇ ಸಾಕು.

ಕಾರಂತರ ಚೋಮನ ದುಡಿಯಲ್ಲಿ (1933) ಶಕುನವೂ ಇಲ್ಲ, ರೋಗದ ಗುರುತನ್ನು ನೆಚ್ಚಿದ ಸೂಚನೆಯೂ ಇಲ್ಲ. ಇರುವುದು ದುಡಿಯ ಸದ್ದು. ತುಂಡು ಭೂಮಿಯನ್ನು ತಾನೇ ಉಳಬೇಕೆಂಬ ಆಸೆಯಿಂದ ಎತ್ತು ಸಾಕಿಕೊಂಡವನು ಚೋಮ. ಅವನ ಜಾತಿಯವನಿಗೆ ಗೇಣಿಗೆ ಭೂಮಿ ಕೊಡುವವರಿಲ್ಲ. ಸಾಲ ತೀರಿಸಲೆಂದು ಕಾಫಿತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬನನ್ನು ಜ್ವರ ನುಂಗುತ್ತದೆ. ತೋಟದ ಲೈನುಮನೆಗಳನ್ನು ದಿನವೂ ಕಾಣುವ ನಮ್ಮ ಬೆಟ್ಟದ ವಾಚಕನು, ಅವರು ಘಟ್ಟ ಹತ್ತಿದ ಕೂಡಲೇ ಮುಂದಿನದನ್ನು ಊಹಿಸಬಲ್ಲನು. ಮೊದಲು ಕೇಳಿಬಂದ ದುಡಿಯೇ ಕೊನೆಗೆ ಚೋಮನ ಪ್ರಾಣದೊಂದಿಗೆ ನಿಲ್ಲುತ್ತದೆ. ಆ ಸದ್ದು ಸಾವನ್ನು ಸಾರುತ್ತಿತ್ತೆಂದು ಕೊನೆಯ ಪುಟದಲ್ಲಿ ನಮಗೆ ಅನಿಸಬಹುದು. ಆದರೆ ಮೊದಲ ಪುಟದಲ್ಲಿ ಅದು ಚೋಮನ ಸಂತೋಷವೂ ಆಗಿತ್ತು, ಸಿಟ್ಟೂ ಆಗಿತ್ತು, ರಾತ್ರಿ ಕಳೆಯುವ ದಾರಿಯೂ ಆಗಿತ್ತು. ಅದು ಊರಿನ ಎಲ್ಲರ ಕಿವಿಗೂ ಬೀಳುತ್ತಿತ್ತು ಎಂಬುದೂ ನೆನಪಿರಲಿ.

ಇಲ್ಲಿಗೆ ಇನ್ನೊಂದು ನ್ಯಾಯದ ಮಾತು ಬರುತ್ತದೆ. ಇದು ಪಾತ್ರಗಳಿಗೆ ಸಲ್ಲಬೇಕಾದ ನ್ಯಾಯ. 2009ರ ನವೆಂಬರಿನ ಮಳೆಯಲ್ಲಿ ನೀಲಗಿರಿಯ ಇಳಿಜಾರುಗಳು ಕುಸಿದು ನಲವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಂಥ ಅನಾಹುತ ಕಳೆದ ಮೇಲೆ ಎಲ್ಲರಿಗೂ ಗುರುತುಗಳು ನೆನಪಾಗುತ್ತವೆ: ಊಟೆಯ ನೀರು ಕೆಂಪಾಗಿತ್ತು, ಗೋಡೆ ಬಿರಿದಿತ್ತು, ಮರ ವಾಲಿತ್ತು. ಆದರೆ ಬೆಟ್ಟದಲ್ಲಿ ಬಾಳುವವರು ಪ್ರತಿ ಮಳೆಗಾಲವೂ ಬಿರಿದ ಗೋಡೆಯನ್ನು ಕಾಣುತ್ತಾರೆ, ಹೆಚ್ಚಿನವು ಬೀಳುವುದಿಲ್ಲ. ಅಲ್ಲದೆ, ಬೀಳುವುದೆಂದು ತಿಳಿದರೂ ಬಿಟ್ಟು ಹೋಗಲು ಬೇರೆ ಮನೆ ಇರಬೇಕಷ್ಟೆ. ಕೊನೆ ತಿಳಿದ ಕಥೆಗಾರನು ಆ ನೂರು ಬಿರುಕುಗಳಲ್ಲಿ ಬಿದ್ದದ್ದೊಂದನ್ನೇ ಎತ್ತಿ ತೋರಿಸಿದರೆ, ಅಲ್ಲಿ ಮಲಗಿದ್ದವರು ಮೂಢರಂತೆ ಕಾಣುತ್ತಾರೆ. ಗೋಡೆಯ ಮೇಲೆ ತೂಗಿಸಿದ ಕೋವಿ ಮುಂದೆ ಸಿಡಿಯಲೇಬೇಕೆಂಬ ಭಾವದ ಮಾತು ರಷ್ಯದ ಚೆಕಾವನದಾಗಿ ಪ್ರಚಾರದಲ್ಲಿದೆ. ವ್ಯರ್ಥವಾದುದನ್ನು ಬರೆಯಬೇಡವೆಂಬ ಮಟ್ಟಿಗೆ ಅದು ಸರಿ. ಅದನ್ನೇ ಕಟ್ಟುನಿಟ್ಟಾಗಿ ಪಾಲಿಸಿದ ಕಥೆಯಲ್ಲಿ ಮಾತ್ರ ಪ್ರತಿಯೊಂದು ಕೆಮ್ಮೂ ಕ್ಷಯವಾಗಿ, ಪ್ರತಿಯೊಂದು ಕಾಗದವೂ ದುಃಖವಾರ್ತೆಯಾಗಿ, ವಾಚಕನು ಬದುಕಿನಲ್ಲಿಲ್ಲದ ಖಚಿತತೆಯನ್ನು ರೂಢಿಮಾಡಿಕೊಳ್ಳುತ್ತಾನೆ. ಸಿಡಿಯದ ಕೋವಿಗಳೂ ಒಂದೆರಡು ಇರಲಿ.

ಬರೆಯಲು ತೊಡಗಿರುವ ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ಕ್ರಮ ಇಷ್ಟೆ. ಕಥೆಯನ್ನು ಒಮ್ಮೆ ಕೊನೆಯವರೆಗೆ ಬರೆದು, ಆಮೇಲೆ ಹಿಂದಿರುಗಿ ಸೂಚನೆಯನ್ನಿಡಿರಿ. ಇಟ್ಟ ಬಳಿಕ, ಕೊನೆಯನ್ನರಿಯದ ಪಾತ್ರದ ಬದಿಯಲ್ಲಿ ನಿಂತು, ಆ ಹೊತ್ತಿಗೆ ಅದಕ್ಕೆ ಬೇರೊಂದು ನ್ಯಾಯವಾದ ಅರ್ಥವಿತ್ತೇ ಎಂದು ಕೇಳಿಕೊಳ್ಳಿರಿ. ನಾಯಿ ಕಚ್ಚಿದ ಹುಡುಗನು ಕಾಲುಚೀಲ ಮೇಲಕ್ಕೆಳೆದುಕೊಂಡು ಕುಂಟುತ್ತ ಮನೆಗೆ ಬರುತ್ತಾನೆ. ಏನಾಯಿತೋ ಎಂದು ತಾಯಿ ಕೇಳುತ್ತಾಳೆ. ಎಡವಿದೆನಮ್ಮಾ ಎನ್ನುತ್ತಾನೆ. ತೋಟದ ಮೆಟ್ಟಿಲುಗಳಲ್ಲಿ ದಿನವೂ ಯಾರಾದರೂ ಎಡವುತ್ತಾರೆ. ಒಲೆಯ ಮೇಲಿನ ಅನ್ನ ಉಕ್ಕುತ್ತಿದೆ. ಅವಳು ಆ ಕಡೆ ತಿರುಗುತ್ತಾಳೆ.