ಮೀನಿನ ಅಂಗಡಿಯ ಆಳೂ ಸತ್ಯದ ಹೊಣೆಯೂ

ಕೂಲಿಯಾಳು ತನ್ನ ಧಣಿಯ ಸರಕಿನ ವಿಷಯದಲ್ಲಿ ಕೊಳ್ಳುವವರಿಗೆ ಸತ್ಯವನ್ನು ಹೇಳಲು ಬದ್ಧನೋ, ಇಲ್ಲವೆ ಮಾರಿ ಸುಮ್ಮನಿರುವದು ಸಾಕೋ ಎಂಬದನ್ನು ಈ ಸಾರಿ ವಿಚಾರಿಸೋಣ. ಹಾರನಹಳ್ಳಿಯ ಒಬ್ಬ ಯೌವನಸ್ಥನು ಅರಸೀಕೆರೆಯ ಪೇಟೆಯಲ್ಲಿ ಅಲಂಕಾರದ ಮೀನುಗಳ ಅಂಗಡಿಗೆ ಸಂಬಳಕ್ಕೆ ಸೇರಿದನೆಂದು ಭಾವಿಸಿರಿ. ಒಬ್ಬ ತಾಯಿ ಮಗುವಿನೊಡನೆ ಬಂದು, ಚಿಕ್ಕದೊಂದು ಗಾಜಿನ ಬೋಗುಣಿಯನ್ನೂ ಎರಡು ಗೋಲ್ಡ್‌ಫಿಷ್‌ಗಳನ್ನೂ ಕೇಳುತ್ತಾಳೆ. ಅವು ಅದರಲ್ಲಿ ಬಹು ದಿವಸ ಬದುಕಲಾರವೆಂದು ಆಳು ಬಲ್ಲನು. ಧಣಿಯೋ, "ಕೇಳಿದ್ದನ್ನು ಕೊಡು" ಎಂದಿದ್ದಾನೆ. ಅವನು ಮಾಡತಕ್ಕದ್ದೇನು?

ಮೀನು ತಾನು ಉಸಿರಾಡುವ ನೀರಿನಲ್ಲಿಯೇ ಕಲ್ಮಷವನ್ನು ಬಿಡುತ್ತದೆ. ಅದರ ಕಿವಿರುಗಳಿಂದ ಹೊರಡುವ ಅಮೋನಿಯಾ ಎಂಬ ವಿಷವು ಚಿಕ್ಕ ಪಾತ್ರೆಯಲ್ಲಿ ಬೇಗನೆ ಹೆಚ್ಚುತ್ತದೆ. ತೊಟ್ಟಿಯ ಕಲ್ಲು ಮರಳುಗಳಲ್ಲಿ ಬೆಳೆಯುವ ಸೂಕ್ಷ್ಮ ಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಆದರೆ ಅವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ನಲ್ಲಿಯ ನೀರಿಗೆ ಹಾಕಿದ ಕ್ಲೋರಿನ್ ಕೂಡ ಮೀನಿಗೆ ವಿಷವೇ. ಚೆನ್ನಾಗಿ ಸಾಕಿದರೆ 10 ವರುಷಕ್ಕೂ ಮೇಲೆ ಬಾಳಬಲ್ಲ ಗೋಲ್ಡ್‌ಫಿಷ್ ಬೋಗುಣಿಯಲ್ಲಿ ಬೇಗನೆ ಸಾಯುವದು ಇದರಿಂದಲೇ.

"ಮೀನನ್ನು ತಿನ್ನುವವರು ನಾವು, ಎರಡು ಸತ್ತರೆ ಏನು?" ಎಂದು ಒಬ್ಬನು ಕೇಳಬಹುದು. ತಿನ್ನುವದಕ್ಕೆ ಮಾರಿದವನು ಆಹಾರವನ್ನು ಮಾರಿದನು, ಕೊಂಡವನು ಆಹಾರವನ್ನೇ ಪಡೆದನು. ಇಲ್ಲಿಯಾದರೋ ಮಾರುವದು ಜೀವವನ್ನೇ. ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಹಾರನಹಳ್ಳಿಯಲ್ಲಿ ಕೆತ್ತಿದ ಕಲ್ಲು ಇಂದಿಗೂ ನಿಂತಿದೆ. ಜೀವವಾದರೋ ದಿನದಿನದ ಆರೈಕೆಯಿಂದಲ್ಲದೆ ನಿಲ್ಲದು. ಆರೈಕೆಯ ಸಂಗತಿಯನ್ನು ಮರೆಮಾಡಿ ಅದನ್ನು ಮಾರುವವನು ತೂಕದಲ್ಲಿ ಕಡಿಮೆ ಕೊಟ್ಟ ವರ್ತಕನಿಗೆ ಸಮಾನನು.

"ನಾನು ಬರಿಯ ಆಳು, ಹೊಣೆ ಧಣಿಯದು" ಎಂದು ಇನ್ನೊಬ್ಬನು ಹೇಳಬಹುದು. ಭಾರತದ 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಪ್ರಕಾರ ಮನುಷ್ಯನ ಹೊರತು ಎಲ್ಲಾ ಜೀವಿಗಳೂ ಪ್ರಾಣಿಗಳೇ; ಅವುಗಳ ಕ್ಷೇಮವನ್ನು ನೋಡುವ ಕರ್ತವ್ಯವು ಒಡೆಯನಿಗೆ ಮಾತ್ರವಲ್ಲ, ಅವು ಯಾರ ವಶದಲ್ಲಿರುವವೋ ಅವರಿಗೂ ಇದೆ. ಕಾಯಿದೆ ಇರದಿದ್ದರೂ, ಬೆಳಿಗ್ಗೆ ಸತ್ತ ಮೀನುಗಳನ್ನು ಎತ್ತಿಹಾಕುವ ಆಳೇ ಧಣಿಗಿಂತ ಹೆಚ್ಚು ಬಲ್ಲನು. ಬಲ್ಲವನ ಮೇಲೆ ಹೊಣೆಯೂ ಹೆಚ್ಚು.

ಆದರೆ ಅವನ ಸಂಬಳವನ್ನು ನೆಚ್ಚಿ ಮನೆಯಲ್ಲಿ ಮಕ್ಕಳಿದ್ದರೆ? ಈ ಭಯವು ಹಗುರವಾದದ್ದಲ್ಲ. ಆದದರಿಂದ ಅವನು ಧಣಿಯನ್ನು ನಿಂದಿಸದೆ ಮೊದಲು ಅವನಿಗೇ ಸಂಗತಿಯನ್ನು ತಿಳಿಸಲಿ. ಕೊಳ್ಳುವವಳಿಗೆ, "ಅಮ್ಮಾ, ದೊಡ್ಡ ತೊಟ್ಟಿ ಬೇಕು; ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು; ಆಗದಿದ್ದರೆ ಈಗ ಮೀನು ಬೇಡ" ಎಂದು ವಿನಯದಿಂದ ಹೇಳಲಿ. ಹೀಗೆ ಕೇಳಿ ಹೋದವರು ನಂಬಿಗೆಯಿಂದ ಮರಳಿ ಬರುವದುಂಟು. ಬಾರದಿದ್ದರೂ ಹೇಳತಕ್ಕದ್ದೇ, ಯಾಕಂದರೆ ಲಾಭಕ್ಕಾಗಿ ಮಾತ್ರ ಸತ್ಯವನ್ನಾಡುವವನು ನಷ್ಟದ ದಿನದಲ್ಲಿ ಅದನ್ನು ಬಿಟ್ಟುಬಿಡುವನು. ಸುಳ್ಳನ್ನೇ ಹೇಳೆಂದು ಧಣಿಯು ಬಲವಂತ ಮಾಡಿದರೆ ಬೇರೆ ಕೆಲಸವನ್ನು ಹುಡುಕುವದೇ ದಾರಿ.

ಇನ್ನೊಂದು ಮಾತು. ಸಾಕಲಾರದವರು ಮೀನನ್ನು ಕೆರೆಗೆ ಬಿಡುವದು ದಯೆಯೆಂದು ಎಣಿಸುತ್ತಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ತೊಟ್ಟಿಗಳಿಂದ ಹೊರಬಿದ್ದು, ಭಾರತದ ಅನೇಕ ನೀರುಗಳಲ್ಲಿ ಹೆಚ್ಚಿ, ನಾಡಮೀನುಗಳಿಗೂ ಬೆಸ್ತರ ಬಲೆಗಳಿಗೂ ಕೇಡಾಗಿದೆ. ಅಂಥ ಮೀನನ್ನು ಅಂಗಡಿಗೆ ಮರಳಿ ತರಬೇಕೆಂಬದನ್ನೂ ಆಳು ತಿಳಿಸಲಿ. ದಯೆಗೆ ತಿಳುವಳಿಕೆ ಬೇಕು; ಆ ತಿಳುವಳಿಕೆಯುಳ್ಳವನು ಬಾಯಿ ಮುಚ್ಚಿಕೊಂಡರೆ ಬಾಯಿಲ್ಲದ ಜೀವಕ್ಕಾಗಿ ಮಾತಾಡುವವರು ಯಾರು?