ತಂಡದ ಬಣ್ಣ, ಜೀವದ ಬಣ್ಣ

ಶಾಲೆಯ ಆಟೋಟಗಳಿಗಾಗಿ ಮಕ್ಕಳನ್ನು ನಾಲ್ಕು ಪಾಲು ಮಾಡಿ, ಕೆಂಪು, ನೀಲಿ, ಹಸಿರು, ಹಳದಿ ಎಂಬ ಬಣ್ಣಗಳನ್ನೇ ತಂಡಗಳ ಹೆಸರಾಗಿಸುವ ರೂಢಿ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ‘ರೆಡ್ ಹೌಸ್’ ಎಂಬ ಮಾತಿನ ‘ಹೌಸ್’ ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ವಿದ್ಯಾರ್ಥಿಗಳು ನಿಜವಾಗಿಯೂ ವಾಸಿಸುತ್ತಿದ್ದ ಮನೆ. ಆ ಪದ್ಧತಿ ಹಗಲು ಶಾಲೆಗಳಿಗೆ ಬಂದಾಗ ಮನೆ ಹಿಂದೆಯೇ ಉಳಿದು ಹೆಸರು ಮತ್ತು ಬಣ್ಣ ಮಾತ್ರ ಬಂದವು. 1836ರಲ್ಲಿ ಆಕ್ಸ್‌ಫರ್ಡಿನ ಎದುರು ನಡೆದ ದೋಣಿಪಂದ್ಯದಲ್ಲಿ ಕೇಂಬ್ರಿಜ್ ತಂಡ ತನ್ನ ದೋಣಿಗೆ ತಿಳಿನೀಲಿ ಪಟ್ಟಿ ಕಟ್ಟಿತು; ಆ ವಿಶ್ವವಿದ್ಯಾಲಯಗಳ ಪರವಾಗಿ ಆಡಿದವರನ್ನು ಇಂದಿಗೂ ‘ಬ್ಲೂ’ ಎಂದೇ ಕರೆಯುತ್ತಾರೆ. ಜವಾಹರ್ ನವೋದಯ ವಿದ್ಯಾಲಯಗಳಲ್ಲಿ ಅರಾವಳಿ ತಂಡಕ್ಕೆ ನೀಲಿ ಬಣ್ಣವಾದರೆ ನೀಲಗಿರಿಗೆ ಹಸಿರು.

ಬಣ್ಣದ ಹೆಸರು ಇಷ್ಟು ಜನಪ್ರಿಯವಾಗಲು, ಅದು ದೂರದಿಂದಲೇ ಕಾಣುತ್ತದೆ, ಓದು ಬಾರದ ಮಗುವಿಗೂ ತಿಳಿಯುತ್ತದೆ ಎಂಬುದಷ್ಟೇ ಕಾರಣವಲ್ಲ. ಸಿಂಹ, ಹುಲಿ, ವೀರ ಎಂಬ ಹೆಸರುಗಳಂತೆ ಅದು ಯಾವ ಹಿರಿಮೆಯನ್ನೂ ಮೊದಲೇ ಸಾರುವುದಿಲ್ಲ. ಹಾಗಿದ್ದರೂ ತಾನು ಆರಿಸಿಕೊಳ್ಳದ, ತನ್ನ ಗುಣಕ್ಕೆ ಸಂಬಂಧವೇ ಇಲ್ಲದ ಬಣ್ಣವೊಂದನ್ನು ಮನುಷ್ಯ ‘ನನ್ನದು’ ಎಂದು ಅಪ್ಪಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದು ಹಗುರವಾದ ಪ್ರಶ್ನೆಯಲ್ಲ. 532ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥಪಂದ್ಯದ ನೀಲಿ ಮತ್ತು ಹಸಿರು ಪಕ್ಷಗಳ ಅಭಿಮಾನಿಗಳು ದಂಗೆಯೆದ್ದರು. ಅದನ್ನು ಅಡಗಿಸುವಾಗ ಸುಮಾರು 30,000 ಮಂದಿ ಸತ್ತರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ.

ಬಾದಾಮಿಯ ನಾಲ್ಕನೆಯ ಗುಹೆಯ ಕೆಂಪು ಮರಳುಗಲ್ಲಿನಲ್ಲಿ ಪಾರ್ಶ್ವನಾಥ, ಬಾಹುಬಲಿಯರನ್ನು ಕಡೆದ ಜೈನ ಪರಂಪರೆ ಬಣ್ಣವನ್ನು ಬೇರೊಂದು ನೆಲೆಯಲ್ಲಿ ಯೋಚಿಸಿತು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಲೇಪ ಹತ್ತಿದ ಮನ, ವಚನ, ಕಾಯಗಳ ಪ್ರವೃತ್ತಿಗೆ ಅದು ‘ಲೇಶ್ಯೆ’ ಎಂದು ಹೆಸರಿಟ್ಟು, ಕೃಷ್ಣ, ನೀಲ, ಕಾಪೋತ ಎಂಬ ಮೂರು ಅಶುಭ ಬಣ್ಣಗಳನ್ನೂ ಪೀತ, ಪದ್ಮ, ಶುಕ್ಲ ಎಂಬ ಮೂರು ಶುಭ ಬಣ್ಣಗಳನ್ನೂ ಹೇಳಿತು. ಚಾವುಂಡರಾಯನ ಗುರು ನೇಮಿಚಂದ್ರರ ‘ಗೊಮ್ಮಟಸಾರ’ದಲ್ಲಿ ಇದಕ್ಕೊಂದು ದೃಷ್ಟಾಂತವಿದೆ: ಹಸಿದ ಆರು ಜನ ಹಣ್ಣಿನ ಮರವೊಂದನ್ನು ಕಂಡಾಗ ಒಬ್ಬನು ಬುಡಸಮೇತ ಕೀಳಲು, ಇನ್ನೊಬ್ಬನು ಕಾಂಡ ಕಡಿಯಲು, ಮತ್ತಿಬ್ಬರು ಹಿರಿಯ ಕೊಂಬೆ, ಕಿರಿಯ ಕೊಂಬೆಗಳನ್ನು ಕತ್ತರಿಸಲು, ಐದನೆಯವನು ಹಣ್ಣನ್ನಷ್ಟೇ ಕೊಯ್ಯಲು ಬಯಸಿದರೆ, ಆರನೆಯವನು ನೆಲಕ್ಕೆ ಉದುರಿದ್ದನ್ನು ಆಯ್ದುಕೊಂಡರೆ ಸಾಕೆನ್ನುತ್ತಾನೆ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಈ ಮರದ ಚಿತ್ರವೂ ಇದೆ.

ಹಸಿವು ಆರು ಮಂದಿಗೂ ಒಂದೇ, ಮರವೂ ಒಂದೇ. ಬೇರೆಯಾದದ್ದು ಬಯಕೆಯ ರೀತಿ ಮಾತ್ರ, ಬಣ್ಣ ನಿಂತಿರುವುದು ಅದರ ಮೇಲೆ. ಲೇಶ್ಯೆಯನ್ನು ಹೊರಗಿನವರು ಹಂಚಲಾರರು. ಪರಿಣಾಮ, ಅಂದರೆ ಒಳಗಿನ ಭಾವ, ಬದಲಾದಂತೆ ಅದೂ ಬದಲಾಗುತ್ತದೆ. ಹೀಗೆಂದು ಶಾಲೆಯ ಬಣ್ಣಗಳನ್ನು ಬರಿಯ ಮೋಹವೆಂದು ತಳ್ಳಿಹಾಕುವುದು ಸರಿಯಲ್ಲ. ಬೇರೆ ಬೇರೆ ಜಾತಿ, ಓಣಿ, ಮನೆತನಗಳ ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬರಿಗಾಗಿ ಒಬ್ಬರು ಆಡುವಂತೆ ಮಾಡುವ ಶಕ್ತಿ ಆ ಬಣ್ಣಕ್ಕೆ ಬಂದಿರುವುದೇ ಅದು ಹುಟ್ಟಿನಿಂದ ಬಾರದ, ಅರ್ಹತೆಯನ್ನೂ ಕೇಳದ ಬಣ್ಣವಾದ್ದರಿಂದ. ಹುಟ್ಟಿನ ಮೇಲು ಕೀಳನ್ನು ನಿರಾಕರಿಸಿದ ಬಸವಣ್ಣನ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ತಂಡದ ಬಣ್ಣ ಹೇಳುವುದು ಆಟಗಾರ ಯಾರ ಪರ ಎಂಬುದನ್ನಷ್ಟೆ; ಎದುರಾಳಿ ಜಾರಿ ಬಿದ್ದಾಗ ಅವನ ಮನಸ್ಸು ಹಿಗ್ಗಿತೋ ಮರುಗಿತೋ ಎಂಬುದನ್ನು ಲೇಶ್ಯೆ ಹೇಳುತ್ತದೆ, ಮತ್ತು ಒಂದೇ ಹಸಿರು ಅಂಗಿ ತೊಟ್ಟ ಇಬ್ಬರಲ್ಲಿ ಅದು ಬೇರೆ ಬೇರೆಯಾಗಿರಬಹುದು.