ಪಾಠ ಕೊಟ್ಟೆವು, ಹೊಣೆ ಕೊಟ್ಟೆವೇ?

ಮುಂದಿನ ಪೀಳಿಗೆಗೆ ವಿಶ್ವಾಸವನ್ನು ದಾಟಿಸುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ನಮ್ಮ ಚರ್ಚುಗಳಲ್ಲಿ ಹೊರಡುವ ಉತ್ತರ ಒಂದೇ: ಇನ್ನಷ್ಟು ಪಾಠ ಮಾಡೋಣ. ಸಂಡೇ ಸ್ಕೂಲಿನ ಪುಸ್ತಕ ಬದಲಿಸೋಣ, ಯುವಜನರಿಗೆ ಶಿಬಿರ ನಡೆಸೋಣ, ಪ್ರಸಂಗವನ್ನು ಪರದೆಯ ಮೇಲೆ ತೋರಿಸೋಣ. ಇವು ಯಾವುವೂ ಬೇಡವೆನ್ನುವಂಥವಲ್ಲ. ಆದರೆ ಪಾಠ ಸಾಲದ್ದರಿಂದಲೇ ವಿಶ್ವಾಸ ಸೊರಗುತ್ತಿದೆ ಎಂಬ ಊಹೆ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಬೋಧಕರೇ ಇಲ್ಲದ ಕಡೆ ಕ್ರೈಸ್ತ ವಿಶ್ವಾಸ ತಲೆಮಾರುಗಳ ಕಾಲ ಬಾಳಿದ್ದುಂಟು; ಬೋಧನೆಗೆ ಬರವಿಲ್ಲದ ಕಡೆ ಒಂದೇ ತಲೆಮಾರಿನಲ್ಲಿ ಕರಗಿದ್ದೂ ಉಂಟು. ಕಿರಿಯರ ಹೆಗಲಿಗೆ ಹೊಣೆ ಬಿದ್ದ ಕಡೆ ವಿಶ್ವಾಸ ದಾಟುತ್ತದೆ, ಅವರನ್ನು ಬರೀ ಕೇಳುಗರನ್ನಾಗಿ ಕೂರಿಸಿದ ಕಡೆ ಅದು ಹಿರಿಯರೊಂದಿಗೇ ಮುಗಿಯುತ್ತದೆ ಎಂಬುದು ನನ್ನ ವಾದ.

ಜಪಾನಿನ ನಾಗಸಾಕಿ ಸೀಮೆ ಇದಕ್ಕೆ ದೊಡ್ಡ ಸಾಕ್ಷಿ. 1549ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಆ ದೇಶಕ್ಕೆ ಕಾಲಿಟ್ಟ ಮೇಲೆ ಬೆಳೆದ ಕ್ರೈಸ್ತ ಸಮುದಾಯವನ್ನು 1614ರ ರಾಜಾಜ್ಞೆ ನಿಷೇಧಿಸಿತು. ಪಾದ್ರಿಗಳನ್ನು ಗಡೀಪಾರು ಮಾಡಿದರು, ಉಳಿದು ಅಡಗಿದವರನ್ನು ಹುಡುಕಿ ಕೊಂದರು. ಜನ ತಮ್ಮ ಹೆಸರನ್ನು ಬೌದ್ಧ ದೇವಾಲಯದಲ್ಲಿ ನೋಂದಾಯಿಸಬೇಕಿತ್ತು. ಗುಮಾನಿ ಬಂದವರು ಕ್ರಿಸ್ತನ ಇಲ್ಲವೇ ಮರಿಯಳ ಚಿತ್ರವನ್ನು ತುಳಿದು ತೋರಿಸಬೇಕಿತ್ತು. ಹದಿನೇಳನೇ ಶತಮಾನದ ನಡುವಿನ ಹೊತ್ತಿಗೆ ಅಲ್ಲಿ ಒಬ್ಬ ಪಾದ್ರಿಯೂ ಉಳಿದಿರಲಿಲ್ಲ. ಇಷ್ಟಾದರೂ 1865ರ ಮಾರ್ಚ್ 17ರಂದು, ವಿದೇಶಿಯರಿಗಾಗಿ ಆಗಷ್ಟೇ ಕಟ್ಟಿದ್ದ ಓಉರಾ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಫ್ರೆಂಚ್ ಪಾದ್ರಿ ಬೆರ್ನಾರ್ ಪೆಟಿಜಾನ್ ಬಳಿ ಹೋಗಿ, ತಮ್ಮ ಮನಸ್ಸೂ ಅವರ ಮನಸ್ಸಿನಂಥದೇ ಎಂದು ಹೇಳಿ, ಮಾತೆ ಮರಿಯಳ ಮೂರ್ತಿ ಎಲ್ಲಿದೆ ಎಂದು ಕೇಳಿದರು. ನಿಷೇಧಕ್ಕೆ ಆಗ 250 ವರ್ಷ ತುಂಬಿತ್ತು. ಪಾದ್ರಿಯಿಲ್ಲದೆ, ಬಲಿಪೂಜೆಯಿಲ್ಲದೆ ಅವರು ಉಳಿದದ್ದು ಕೆಲಸ ಹಂಚಿಕೊಂಡದ್ದರಿಂದ. ಒಬ್ಬ ಹಬ್ಬ ಉಪವಾಸಗಳ ಪಂಚಾಂಗ ಕಾಯುತ್ತಿದ್ದ, ಇನ್ನೊಬ್ಬ ಹುಟ್ಟಿದ ಕೂಸುಗಳಿಗೆ ಜ್ಞಾನಸ್ನಾನ ಕೊಡುತ್ತಿದ್ದ, ಮತ್ತೊಬ್ಬ ಇಂಥ ದಿನ ಇಂಥದ್ದು ಎಂದು ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. ಒಬ್ಬ ತೀರಿಕೊಂಡರೆ ಆ ಕೆಲಸಕ್ಕೆ ಇನ್ನೊಬ್ಬ ಸಿದ್ಧನಿರಲೇಬೇಕಿತ್ತು.

ಇದು ಹಿಂಸೆಯ ಫಲ, ನೆಮ್ಮದಿಯ ಕಾಲಕ್ಕೆ ಈ ಉದಾಹರಣೆ ಸಲ್ಲದು ಎಂದು ಯಾರಾದರೂ ಹೇಳಬಹುದು. ಆದರೆ ಅದೇ ಹಿಂಸೆ ಜಪಾನಿನ ಬಹುಭಾಗದಲ್ಲಿ ವಿಶ್ವಾಸವನ್ನು ಬೇರುಸಹಿತ ಕಿತ್ತುಹಾಕಿತು ಎಂಬುದನ್ನು ಮರೆಯುವಂತಿಲ್ಲ. ಕಷ್ಟವೊಂದೇ ಕಾರಣವಾಗಿದ್ದರೆ ಎಲ್ಲ ಕಡೆಯೂ ಉಳಿಯಬೇಕಿತ್ತು. ಹಿಂಸೆಯ ನೆರಳಿಲ್ಲದ ಸಾಕ್ಷಿ ಬೇಕಿದ್ದರೆ ನಮ್ಮ ಮಂಗಳೂರನ್ನೇ ನೋಡಬಹುದು. 1834ರಲ್ಲಿ ಅಲ್ಲಿ ಕೆಲಸ ಶುರುಮಾಡಿದ ಬಾಸೆಲ್ ಮಿಷನ್ ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ಎಲ್ಲವನ್ನೂ ಕಟ್ಟಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು; ಅವರನ್ನು ಬಂಧಿಸಿ ದೇಶದಾಚೆ ಕಳಿಸಿದರು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಎಂಬತ್ತು ವರ್ಷ ಪರದೇಶದವರ ಆಸರೆಯಲ್ಲಿದ್ದ ಸಭೆಗಳ ಭಾರದ ಬಹುಪಾಲು ಊರಿನ ಪಾಲಕರು, ಹಿರಿಯರು, ಶಾಲಾ ಮೇಷ್ಟ್ರುಗಳ ಹೆಗಲಿಗೆ ಬಿತ್ತು. ಸಭೆಗಳು ಮುಚ್ಚಲಿಲ್ಲ.

ಹೊಣೆಯೆಂದರೆ ಎಲ್ಲ ಸಲವೂ ಇಷ್ಟು ಭಾರವಾದುದೇ ಆಗಬೇಕಿಲ್ಲ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ತ್ ಮಾತೆ ಮರಿಯಳ ಜನ್ಮದಿನವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಳ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಮನೆ ಸೇರುತ್ತದೆ. ಕಾಳು ಬಿಡಿಸಿ, ಸಿಪ್ಪೆ ತೆಗೆದು, ಹಾಲಿಗೋ ಪಾಯಸಕ್ಕೋ ಸೇರಿಸಿ, ಪ್ರಾರ್ಥನೆ ಮಾಡಿ ಮನೆಮಂದಿಯೆಲ್ಲ ಸೇವಿಸಿದ ಮೇಲೆ ಒಟ್ಟಿಗೆ ಕೂತು ಸಸ್ಯಾಹಾರದ ಊಟ. ಆರು ವರ್ಷದ ಮಗುವಿಗೂ ಈ ಹಬ್ಬದಲ್ಲಿ ಮಾಡಲು ಕೆಲಸವಿದೆ, ಅದು ತರುವ ಹೂವಿಗಾಗಿ ಕಾಯುವವರಿದ್ದಾರೆ. ಗದ್ದೆಯಿಲ್ಲದ ಊರುಗಳಿಗೆ ವಲಸೆ ಹೋದವರೂ ತೆನೆ ತರಿಸಿಕೊಂಡು ಈ ಹಬ್ಬ ಮಾಡುವುದನ್ನು ನೋಡಿದರೆ, ಚಿಕ್ಕಂದಿನಲ್ಲಿ ಕೈಗೆ ಸಿಕ್ಕ ಕೆಲಸ ಎಷ್ಟು ದೂರ ಬರುತ್ತದೆ ಎಂಬುದು ತಿಳಿಯುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಅರ್ಥ ತಿಳಿಯದ ಆಚರಣೆ ಬರೀ ಚಿಪ್ಪಲ್ಲವೇ? ಒಪ್ಪಬೇಕಾದ ಮಾತು. ಜಪಾನಿನ ಗುಪ್ತ ಕ್ರೈಸ್ತರ ಪ್ರಾರ್ಥನೆಗಳಲ್ಲಿದ್ದ ಲ್ಯಾಟಿನ್, ಪೋರ್ಚುಗೀಸ್ ಮಾತುಗಳು ಬಾಯಿಂದ ಬಾಯಿಗೆ ಸವೆದು, ಹೇಳುವವರಿಗೇ ಅರ್ಥವಾಗದ ಸ್ಥಿತಿಗೆ ಬಂದಿದ್ದವು. ನಿಷೇಧ 1873ರಲ್ಲಿ ಸಡಿಲವಾದ ಮೇಲೆ ಹಲವರು ಚರ್ಚಿಗೆ ಮರಳಿದರು. ಇಕಿತ್ಸುಕಿ ದ್ವೀಪದಂಥ ಕಡೆ ಅನೇಕರು ಪೂರ್ವಜರ ರೂಢಿಯೇ ಸಾಕೆಂದು ಹೊರಗುಳಿದರು. ಶೋಧ, ಶಿಕ್ಷೆಗಳಿಗೆ ಬಗ್ಗದ ಆ ರೂಢಿ, ಯುವಕರು ಪಟ್ಟಣಕ್ಕೆ ಹೋಗತೊಡಗಿದಾಗ ಕ್ಷೀಣಿಸಿತು. ಆದ್ದರಿಂದ ಕೆಲಸದ ಜೊತೆಗೆ ಕಾರಣವೂ ಸಿಗಬೇಕು. ಇದಕ್ಕೆ ಸರಿಯಾದ ಕ್ರಮವನ್ನು ವಿಮೋಚನಕಾಂಡವೇ ತೋರಿಸುತ್ತದೆ. ಪಸ್ಕದ ಆಚರಣೆ ಮೊದಲು ನಡೆಯುತ್ತದೆ. ಅದನ್ನು ಕಂಡ ಮಕ್ಕಳು ಇದೇಕೆ ಎಂದು ಕೇಳುತ್ತಾರೆ. ಐಗುಪ್ತದ ಬಿಡುಗಡೆಯ ಕಥೆಯನ್ನು ಹಿರಿಯರು ಆಗ ಹೇಳಬೇಕು. ನಾವು ತಿರುಗುಮುರುಗು ಮಾಡಿದ್ದೇವೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಾಯಿಪಾಠ ಮಾಡಿಸುತ್ತೇವೆ, ನಿಜವಾದ ಪ್ರಶ್ನೆ ಬಂದ ದಿನ ಅದನ್ನು ಅವಿಶ್ವಾಸವೆಂದು ಗದರುತ್ತೇವೆ. ಯೆಹೋಶುವನ ಕಾಲದವರು ಕಣ್ಮರೆಯಾದ ಮೇಲೆ ಕರ್ತನನ್ನೇ ಅರಿಯದ ತಲೆಮಾರು ಎದ್ದಿತೆಂದು ನ್ಯಾಯಸ್ಥಾಪಕರ ಗ್ರಂಥ ಹೇಳುವಾಗ, ಅದು ಕಿರಿಯರ ಮೇಲಷ್ಟೇ ಹೊರಿಸಿದ ದೂರು ಎಂದು ನಾನು ಓದಲಾರೆ.

ಮಗುವಿನ ಸ್ವಾತಂತ್ರ್ಯದ ಮಾತೇನು, ತಂದೆತಾಯಿಯ ನಂಬಿಕೆಯನ್ನು ಹೇರುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಭಯ ಹುಟ್ಟಿಸಿ ಹೇರಿದರೆ ಅನ್ಯಾಯವೇ. ಆದರೆ ಏನನ್ನೂ ಕೊಡದೆ ಬೆಳೆಸುವುದೂ ಮಗುವಿನ ಪರವಾಗಿ ನಾವು ಮಾಡಿದ ಆಯ್ಕೆಯೇ. ಭಾಷೆ, ಊಟ, ನಡವಳಿಕೆಗಳನ್ನು ಯಾರೂ ಕೇಳಿ ಕೊಡುವುದಿಲ್ಲ. ಕೊಟ್ಟದ್ದನ್ನು ಒರೆಗೆ ಹಚ್ಚಿ ನೋಡುವ, ಬೇಡವೆನ್ನುವ ಅವಕಾಶ ಇರಬೇಕಷ್ಟೆ. ದಾರಿ ತಪ್ಪಿದ ಮಗನೊಂದಿಗೆ ವಾದಿಸಿ ಬುದ್ಧಿಹೇಳಬೇಕೆಂದು ಮೋನಿಕಾ ಒಬ್ಬ ಬಿಷಪರನ್ನು ಬೇಡಿಕೊಂಡಾಗ ಅವರು ಒಪ್ಪಲಿಲ್ಲ. ಓದಿ ಅವನೇ ತಿಳಿದುಕೊಳ್ಳುತ್ತಾನೆ, ಬಿಡಿ ಎಂದರೆಂದು ಆ ಮಗ ಅಗಸ್ಟೀನನೇ ತನ್ನ ಆತ್ಮನಿವೇದನೆಯಲ್ಲಿ ಬರೆದಿದ್ದಾನೆ. 387ರಲ್ಲಿ ಮಿಲಾನಿನಲ್ಲಿ ಜ್ಞಾನಸ್ನಾನ ಪಡೆದಾಗ ಅವನಿಗೆ ಮೂವತ್ತು ದಾಟಿತ್ತು. ಅಲ್ಲಿಯವರೆಗೆ ತಾಯಿಯ ಪಾಲಿಗಿದ್ದದ್ದು ಪ್ರಾರ್ಥನೆ ಮತ್ತು ಕಾಯುವಿಕೆ. ವಿಶ್ವಾಸದ ಬಲವೆಂಬುದು ಹೀಗೆ ಸ್ವಂತ ತೊಳಲಾಟದಿಂದ ಬರುವಂಥದು. ಹಿರಿಯರು ಮಾಡಬಹುದಾದದ್ದು ಅದಕ್ಕೆ ಜಾಗ ಬಿಡುವುದು.

ಆ ಜಾಗವನ್ನು ನಾವು ನಿಜವಾಗಿ ಬಿಟ್ಟಿದ್ದೇವೆಯೇ? ಯುವಜನರಿಗೆ ನಾವು ಕೊಡುವುದು ಕ್ರಿಸ್ಮಸ್ ನಾಟಕ, ಕುರ್ಚಿ ಹಾಕುವ ಕೆಲಸ, ಗಾಯನ ಮಂಡಳಿ. ಲೆಕ್ಕಪತ್ರ, ಕಾಯಿಲೆಯವರ ಭೇಟಿ, ಬಡವರ ನಿಧಿಯ ತೀರ್ಮಾನ, ವಾಕ್ಯ ವಿವರಣೆ ಹಿರಿಯರ ಕೈಯಲ್ಲೇ ಉಳಿದಿವೆ. ತಪ್ಪು ಮಾಡಿಯಾರೆಂಬ ಭಯಕ್ಕೆ ಕೆಲಸ ಕೊಡದವರು, ಆಸಕ್ತಿಯಿಲ್ಲವೆಂದು ಆಮೇಲೆ ದೂರುವುದು ಸರಿಯಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೋಪ ಇನ್ನೂ ದೊಡ್ಡದು. ತಿಮೊಥೆಯನ ನಂಬಿಕೆ ಅವನ ಅಜ್ಜಿ ಲೋವಿ, ತಾಯಿ ಯೂನಿಕೆಯರಲ್ಲಿ ಮೊದಲು ನೆಲೆಸಿತ್ತೆಂದು ಪೌಲನೇ ಬರೆದಿರುವಾಗ, ದಾಟಿಸುವ ಕೆಲಸವನ್ನೆಲ್ಲ ಅಮ್ಮಂದಿರಿಗೆ ಬಿಟ್ಟು ತೀರ್ಮಾನದ ಕುರ್ಚಿಯನ್ನು ಗಂಡಸರೇ ಇಟ್ಟುಕೊಳ್ಳುವುದಕ್ಕೆ ಆಧಾರವೇನು? ಮುಂದಿನ ಪೀಳಿಗೆಯ ಬಗ್ಗೆ ಇನ್ನೊಂದು ವಿಚಾರಸಂಕಿರಣ ಏರ್ಪಡಿಸುವ ಮೊದಲು ಪ್ರತಿ ಸಭೆಯೂ ತನ್ನ ಆಡಳಿತ ಸಮಿತಿಯ ಪಟ್ಟಿ ತೆಗೆದು, ಅದರಲ್ಲಿ 25 ದಾಟದವರು ಎಷ್ಟು ಜನ, ಹೆಂಗಸರು ಎಷ್ಟು ಜನ ಎಂದು ಎಣಿಸಿ ನೋಡಲಿ.